ಒಣಹಳ್ಳದ ಪಕ್ಕ 13 ಕಿಲೋಮೀಟರ್

ಹೆದ್ದಾರಿ ಹತ್ತುವ ಜಾಗದಲ್ಲೇ ಸ್ಟಾಪ್ ಬೋರ್ಡು ಇದೆ ಅಂತ ಅಣ್ಣನ ಮಗಳು ಹೇಳಿದಾಗ ನಾನು ನಂಬಲಿಲ್ಲ. ಅಮೆರಿಕದ ಫ್ರೀವೇ ಅಂದರೆ ಉದ್ದನೆಯ ರ‍್ಯಾಂಪ್, ಅದರ ಮೇಲೆ ಜುಮ್ಮನೆ ವೇಗ ಏರಿಸಿಕೊಂಡು ಹೋಗಿ ಸೇರಿಕೊಳ್ಳೋದು, ಅಲ್ವಾ? 'ಭಾನುವಾರ ಕರ್ಕೊಂಡು ಹೋಗ್ತೀನಿ, ನೀವೇ ನೋಡಿ' ಅಂದಳು. ಅವಳ ಮನೆ ಇರುವುದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ, ಕೆಲಸ ಲಾಸ್ ಏಂಜಲೀಸ್ ಪೇಟೆಯಲ್ಲಿ. ನಡುವೆ ಇರುವ ದಾರಿ ಸ್ಟೇಟ್ ರೂಟ್ 110. ಇಲ್ಲಿಯವರ ಬಾಯಲ್ಲಿ ಅದು 'ದ ಒನ್ ಟೆನ್'. ದಕ್ಷಿಣದ ಸ್ಯಾನ್ ಪೆಡ್ರೊ ಬಂದರಿನವರೆಗೂ ನಂಬರ್ ಅದೇ. ಆದರೆ ಪೇಟೆ ದಾಟಿ ಐ-10 ಅನ್ನುವ ಹೆದ್ದಾರಿ ಸಿಕ್ಕ ಮೇಲೆ ಅದು ಇಂಟರ್‌ಸ್ಟೇಟ್, ಅಂದರೆ ರಾಷ್ಟ್ರೀಯ ಜಾಲದ ಹೆದ್ದಾರಿ, ಆಗಿಬಿಡುತ್ತದೆ. ರಾಜ್ಯ ಹೆದ್ದಾರಿ ಅನ್ನಿಸಿಕೊಳ್ಳುವುದು ಉತ್ತರದ ಗಿಡ್ಡ ತುಂಡು ಮಾತ್ರ. ಅದರಲ್ಲೂ ಹಳೆಯದು ಪಸಡೀನಾದಿಂದ ಪೇಟೆಯ ಅಂಚಿನವರೆಗಿನ 13 ಕಿಲೋಮೀಟರ್. ಹೆಸರು ಅರೋಯೊ ಸೆಕೊ ಪಾರ್ಕ್‌ವೇ. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ಒಣಹಳ್ಳ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಗ್ಲೆನಾರ್ಮ್ ಬೀದಿಯ ಸಿಗ್ನಲ್ ದಾಟಿದರೆ ಆಯಿತು, ಊರಿನ ರಸ್ತೆಯೇ ಹೆದ್ದಾರಿ ಆಗಿಬಿಡುತ್ತದೆ. ಪಕ್ಕದಲ್ಲಿ ಹಸಿರು ಬೋರ್ಡು, ಸಲಿಕೆಯ ಆಕಾರದ್ದು. ಚಿನ್ನ ಅಗೆಯಲು ಬಂದವರ ಸಲಿಕೆಯ ನೆನಪಿಗೆ ಕ್ಯಾಲಿಫೋರ್ನಿಯಾದ ರಾಜ್ಯ ಹೆದ್ದಾರಿಗಳಿಗೆಲ್ಲ ಇದೇ ಗುರುತು.

ಈ ದಾರಿಯಲ್ಲಿ ಕಾರಿಗಿಂತ ಮೊದಲು ಓಡಬೇಕಾಗಿದ್ದದ್ದು ಸೈಕಲ್. ಹೊರೇಸ್ ಡಾಬಿನ್ಸ್ ಅನ್ನುವ ಪಸಡೀನಾದ ಸಿರಿವಂತನೊಬ್ಬ ಇಲ್ಲಿಂದ ಲಾಸ್ ಏಂಜಲೀಸಿಗೆ ಸೈಕಲ್ಲಿಗಂತಲೇ ನೆಲದಿಂದ ಎತ್ತರದಲ್ಲಿ ಮರದ ದಾರಿ ಕಟ್ಟಲು ಹೊರಟಿದ್ದ. ಸಿಗ್ನಲ್ ಇಲ್ಲ, ಕುದುರೆಗಾಡಿ ಅಡ್ಡ ಬರುವ ಹಾಗಿಲ್ಲ, ರಾತ್ರಿ ವಿದ್ಯುತ್ ದೀಪ. 1900ರಲ್ಲಿ ಶುರುವಾಯಿತು. ಒಂದು ಸಲ ಹೋಗಲು 10 ಸೆಂಟ್ ಸುಂಕ. ಕಟ್ಟಬೇಕೆಂದಿದ್ದು 9 ಮೈಲಿ, ಆಗಿದ್ದು ಒಂದೂಕಾಲು ಮೈಲಿ. ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ಹೋಗುವಷ್ಟು! ಅಷ್ಟರಲ್ಲಿ ಸೈಕಲ್ ಹುಚ್ಚು ಇಳಿದು ಕಾರು ಬಂತು. ಮರವನ್ನೆಲ್ಲ ಕಿತ್ತು ಮಾರಿದರು. ಆ ಸೈಕಲ್ ದಾರಿಗೆ ಹಿಡಿದಿಟ್ಟಿದ್ದ ಜಾಗದಲ್ಲಿ ಸ್ವಲ್ಪ ಭಾಗ ಮುಂದೆ ಇದೇ ಪಾರ್ಕ್‌ವೇಗೆ ಸೇರಿತು.

ಸೌತ್ ಪಸಡೀನಾ ಬರುವ ಹೊತ್ತಿಗೆ ರಸ್ತೆ ಅಗೆದ ಕಾಲುವೆಯಂತೆ ಕೆಳಗೆ ಇಳಿದಿತ್ತು. ಊರಿನ ಬೀದಿಗಳೆಲ್ಲ ನಮ್ಮ ತಲೆಯ ಮೇಲೆ ಸೇತುವೆಗಳಾಗಿ ದಾಟಿ ಹೋಗುತ್ತಿದ್ದವು. ಈ ಪುಟ್ಟ ಊರು ಇನ್ನೊಂದು ಹೆದ್ದಾರಿ, 710, ತನ್ನ ಮಧ್ಯೆ ಬರದ ಹಾಗೆ ದಶಕಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿ ಗೆದ್ದಿದೆ. 110 ಮಾತ್ರ ಅಷ್ಟರಲ್ಲಿ ಒಳಗೆ ಬಂದು ಕೂತಿತ್ತು.

ಮುಂದೆ ತಿರುವುಗಳು. ಹಳ್ಳ ಹೇಗೆ ಬಳುಕಿದೆಯೋ ರಸ್ತೆಯೂ ಹಾಗೇ. ಇದು ಸುಮ್ನೆ ಆಗಿದ್ದಲ್ಲ. ಹೆಸರೇ ಹೇಳುವ ಹಾಗೆ ಇದು ಪಾರ್ಕಿನ ದಾರಿ. ಹಳ್ಳದ ದಂಡೆಯ ಮರ ನೋಡುತ್ತಾ, ಮೇಲಿನ ಕಮಾನು ಸೇತುವೆಗಳನ್ನು ನೋಡುತ್ತಾ, ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಲಿ ಅಂತ ಮಾಡಿದ್ದು. ಆಗ ಅಂದುಕೊಂಡ ವೇಗ ಗಂಟೆಗೆ 45 ಮೈಲಿ, ದಿನಕ್ಕೆ 27,000 ಕಾರು. 1940ರ ಡಿಸೆಂಬರ್ 30ರಂದು ಗವರ್ನರ್ ಕಲ್ಬರ್ಟ್ ಓಲ್ಸನ್ ಉದ್ಘಾಟನೆ ಮಾಡಿದರು. ಹೊಸ ವರ್ಷದ ದಿನ ಪಸಡೀನಾದಲ್ಲಿ ರೋಸ್ ಪರೇಡ್ ಅನ್ನುವ ಹೂವಿನ ಮೆರವಣಿಗೆ ನಡೆಯುತ್ತದೆ. ಅದಕ್ಕೆ ಎರಡು ದಿನ ಮುಂಚೆ ರಸ್ತೆ ಸಿದ್ಧ. ಅಮೆರಿಕದ ಪಶ್ಚಿಮ ಭಾಗದ ಮೊದಲ ಫ್ರೀವೇ ಅಂತ ಇದನ್ನೇ ಹೇಳುತ್ತಾರೆ. ಈಗ ವೇಗದ ಮಿತಿ 55, ಕಾರುಗಳು ದಿನಕ್ಕೆ ಲಕ್ಷಕ್ಕೂ ಜಾಸ್ತಿ. ರಸ್ತೆ ಮಾತ್ರ ಅದೇ. ದೊಡ್ಡ ಲಾರಿಗಳಿಗೆ ಪ್ರವೇಶವಿಲ್ಲ. ಅದೊಂದು ಪುಣ್ಯ.

'ಹಳ್ಳ ಎಲ್ಲಿ?' ಅಂತ ಕೇಳಿದೆ. ಅವಳು ಸ್ಟಿಯರಿಂಗ್‌ನಿಂದ ಒಂದು ಬೆರಳು ಎತ್ತಿ ತೋರಿಸಿದಳು. ಕಾಂಕ್ರೀಟಿನ ಚರಂಡಿ. ಮಧ್ಯದಲ್ಲಿ ಒಂದು ಗೆರೆ ನೀರು, ಅದರಲ್ಲಿ ಎರಡು ಬಾತುಕೋಳಿ. ನೋಡಿ ಒಂಥರಾ ಅನ್ನಿಸಿತು. ಆದರೆ ಬೆಟ್ಟದಲ್ಲಿ ಮಳೆ ಬಿದ್ದರೆ ಈ ಒಣಹಳ್ಳ ಎಂಥದ್ದು ಅನ್ನೋದು ಇಲ್ಲಿಯವರಿಗೆ ಗೊತ್ತಿತ್ತು. 1914ರಲ್ಲಿ ದಂಡೆಯ ಮನೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. 1930ರ ದಶಕದಲ್ಲಿ, ಕೆಲಸವಿಲ್ಲದವರಿಗೆ ಸರ್ಕಾರ ಕೆಲಸ ಕೊಡುತ್ತಿದ್ದ ಕಾಲದಲ್ಲಿ, ಇದಕ್ಕೆ ಕಾಂಕ್ರೀಟ್ ಹಾಕಿದರು. ಹಳ್ಳವನ್ನು ಕಟ್ಟಿಹಾಕಿದ್ದರಿಂದಲೇ ಅದರ ಪಕ್ಕದಲ್ಲಿ ಇಂಥ ರಸ್ತೆ ನಿಲ್ಲುವುದು ಸಾಧ್ಯವಾಯಿತು. ಪಾರ್ಕ್ ಅಂದರು, ಪಾರ್ಕಿನ ಜೀವವಾಗಿದ್ದ ಹಳ್ಳವನ್ನು ಮೋರಿ ಮಾಡಿದರು ಅಂತ ನನ್ನ ಗೊಣಗಾಟ. 'ಚಿಕ್ಕಪ್ಪ, ಊರಲ್ಲಿ ರಾಜಕಾಲುವೆ ನೋಡಿದ್ದೀರಲ್ವಾ' ಅಂದಳು. ಸುಮ್ಮನಾದೆ.

ತಲೆಯ ಮೇಲೆ ಉಕ್ಕಿನ ಎತ್ತರದ ರೈಲು ಸೇತುವೆ ಬಂತು. 1895ರದ್ದು, ಸಾಂಟಾ ಫೆ ರೈಲಿನವರು ಕಟ್ಟಿದ್ದು. 2003ರಿಂದ ಅದರ ಮೇಲೆ ಮೆಟ್ರೋ ಓಡುತ್ತದೆ. ನಾವು ಅಡಿಯಲ್ಲಿ ಹೋಗುವಾಗಲೇ ಒಂದು ದಾಟಿತು. ಆಮೇಲೆ ಬಲಗಡೆ ಗುಡ್ಡದ ಮೇಲೆ ಸೌತ್‌ವೆಸ್ಟ್ ಮ್ಯೂಸಿಯಂ, ಐ-5 ಕೂಡುವ ಜಾಗ, ಲಾಸ್ ಏಂಜಲೀಸ್ ನದಿ. ಅದೂ ಕಾಂಕ್ರೀಟೇ. ನಾನು ಸುರಂಗ ಬರುತ್ತದೆ ಅಂತ ಫೋನು ಹಿಡಿದು ಕಾದಿದ್ದೆ. ಪೇಟೆಯೇ ಬಂತು, ಸುರಂಗ ಬರಲಿಲ್ಲ. 'ಅದು ವಾಪಸ್ ಬರುವವರಿಗೆ ಮಾತ್ರ' ಅಂದಳು.

ವಿಷಯ ಹೀಗೆ. ಫಿಗರೋವಾ ಬೀದಿಗಂತ ಎಲಿಸಿಯನ್ ಪಾರ್ಕಿನ ಗುಡ್ಡ ಕೊರೆದು 1931ರಲ್ಲಿ ಮೂರು ಸುರಂಗ ಮಾಡಿದರು, 1936ರಲ್ಲಿ ನಾಲ್ಕನೆಯದು. ಆಗ ಹೋಗುವವರೂ ಬರುವವರೂ ಅದರಲ್ಲೇ. ಪಾರ್ಕ್‌ವೇ ಬಂದು ಕೂಡಿದ ಮೇಲೆ ಜಾಗ ಸಾಲಲಿಲ್ಲ. 1943ರಲ್ಲಿ ಗುಡ್ಡದ ಪಕ್ಕ ಸೀಳಿ, ಪೇಟೆಗೆ ಹೋಗುವವರಿಗೆ ಬೇರೆ ದಾರಿ ಮಾಡಿದರು. ಅಂದಿನಿಂದ ಸುರಂಗ ಉತ್ತರಕ್ಕೆ ಹೊರಟವರದ್ದು.

ಪೇಟೆಯ ಅಂಚಿನಲ್ಲಿ 110 ಮತ್ತು 101 ಕೂಡುವ ಜಾಗ ಒಂದು ನೋಡುವಂಥದ್ದು. ಒಂದರ ಮೇಲೊಂದು ನಾಲ್ಕು ಅಂತಸ್ತು ರಸ್ತೆ. ಹೆಸರೂ ಫೋರ್ ಲೆವೆಲ್ ಅಂತಲೇ. 1949ರಲ್ಲಿ ಕಟ್ಟಿ ಮುಗಿಸಿದರೂ, ಬಂದು ಸೇರಬೇಕಾದ ರಸ್ತೆಗಳೇ ಇರಲಿಲ್ಲ. ಪೂರ್ತಿ ಬಳಕೆಗೆ ಬಂದಿದ್ದು 1953ರಲ್ಲಿ. ಪೇಟೆಯಲ್ಲಿ ಇಳಿದು ಒಂದು ಕಾಫಿ ಕುಡಿದೆವು. ಕಾಫಿ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ವಾಪಸ್ ಬರುವಾಗ ಅವಳು ಮೂರನೇ ಬೀದಿಯ ಹತ್ತಿರ ತಲೆಯ ಮೇಲಿನ ಹಸಿರು ಬೋರ್ಡು ತೋರಿಸಿದಳು. 110ರ ಪಕ್ಕದಲ್ಲಿ 5ರ ಗುರುತು, ಮೇಲೆ ನಾರ್ತ್. ಮೊದಲು ಆ 5 ಇಲ್ಲಿ ಇರಲಿಲ್ಲ. ಐ-5ಕ್ಕೆ ಹೋಗುವವರು ಸುರಂಗದೊಳಗೆ ಬಂದ ಮೇಲೆ, ತಿರುವು ಎಡಕ್ಕಿದೆ ಅಂತ ಗೊತ್ತಾಗಿ ಒದ್ದಾಡುತ್ತಿದ್ದರು. ರಿಚರ್ಡ್ ಆಂಕ್ರಮ್ ಅನ್ನುವ ಕಲಾವಿದ ತಾನೇ ಹೀಗೆ ದಾರಿ ತಪ್ಪಿದ್ದವನು. ಅವನು ಏನು ಮಾಡಿದ ಗೊತ್ತಾ? ಸರ್ಕಾರಿ ಅಳತೆ, ಸರ್ಕಾರಿ ಬಣ್ಣ, ಹೊಳೆಯುವ ಗುಂಡಿ ಎಲ್ಲ ಹೊಂದಿಸಿಕೊಂಡು ಮನೆಯಲ್ಲೇ ಒಂದು 5 ತಯಾರು ಮಾಡಿದ. ಹೊಸದಾಗಿ ಕಾಣಬಾರದು ಅಂತ ಮೇಲೆ ಬೂದು ಬಣ್ಣ ಎರಚಿದ. 2001ರ ಆಗಸ್ಟ್ 5ರಂದು, ಹಾಡಹಗಲಲ್ಲಿ, ಹೆಲ್ಮೆಟ್ಟು ಕಿತ್ತಳೆ ಜಾಕೆಟ್ಟು ಹಾಕಿಕೊಂಡು ಏಣಿ ಹತ್ತಿ ಅಂಟಿಸಿ ಇಳಿದ. ಯಾರೂ ಏನೂ ಕೇಳಲಿಲ್ಲ. ತಿಂಗಳುಗಟ್ಟಲೆ ಗುಟ್ಟಾಗೇ ಇತ್ತು. 2002ರಲ್ಲಿ ಸುದ್ದಿ ಹೊರಬಿದ್ದಾಗ ಹೆದ್ದಾರಿ ಇಲಾಖೆಯವರು ಹೋಗಿ ಪರೀಕ್ಷೆ ಮಾಡಿ, ಸರಿಯಾಗೇ ಇದೆ ಅಂತ ಹಾಗೇ ಬಿಟ್ಟರು. ಎಂಟು ವರ್ಷ ಅದೇ ಬೋರ್ಡು ಜನಕ್ಕೆ ದಾರಿ ತೋರಿಸಿತು. 2009ರಲ್ಲಿ ಹಳೆಯದನ್ನು ತೆಗೆದು ಇಲಾಖೆಯೇ ಹೊಸ ಬೋರ್ಡು ಹಾಕಿತು, 5ನ್ನೂ ಸೇರಿಸಿ. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ನಮಗೆ ಅದನ್ನು ನೋಡಲು ಸಿಕ್ಕಿದ್ದು ಎರಡೇ ಸೆಕೆಂಡು.

ಸುರಂಗಗಳೂ ಹಾಗೇ. ಕತ್ತಲು, ಬೆಳಕು, ಕತ್ತಲು, ಬೆಳಕು. ಬಾಯಿಯ ಮೇಲೆ ನಗರದ ಲಾಂಛನ ಕೆತ್ತಿದ್ದಾರೆ. ನೋಡುವಷ್ಟರಲ್ಲಿ ಒಳಗೆ.

ಅವೆನ್ಯೂ 43ರಲ್ಲಿ ಇಳಿಯೋಣ ಅಂದೆ. ಇಳಿಯುವ ದಾರಿಯಲ್ಲಿ ಹಾಕಿದ ವೇಗ ಗಂಟೆಗೆ 5 ಮೈಲಿ. ಅಂದರೆ 55ರಿಂದ 5ಕ್ಕೆ, ಒಂದು ಉಸಿರಿನಲ್ಲಿ. ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತಿತು. ಪಕ್ಕದಲ್ಲೇ ಚಾರ್ಲ್ಸ್ ಲಮ್ಮಿಸ್ ಅನ್ನುವ ಪತ್ರಕರ್ತನ ಮನೆ. ಈ ಆಸಾಮಿ 1884ರಲ್ಲಿ ಓಹಾಯೊದಿಂದ ಲಾಸ್ ಏಂಜಲೀಸಿಗೆ ನಡೆದುಕೊಂಡು ಬಂದ, 143 ದಿನ. ಬಂದವನು ಇದೇ ಹಳ್ಳದ ಉರುಟು ಕಲ್ಲುಗಳನ್ನು ಆಯ್ದು, ಹತ್ತು ವರ್ಷಕ್ಕೂ ಜಾಸ್ತಿ ಕಾಲ ಕೈಯಾರೆ ಮನೆ ಕಟ್ಟಿದ. ನಾನು ಗೋಡೆಯ ಮೇಲೆ ಕೈಯಿಟ್ಟೆ. ತೆಂಗಿನಕಾಯಿ ಗಾತ್ರದ ಕಲ್ಲುಗಳು, ನೀರು ಉಜ್ಜಿ ಉಜ್ಜಿ ನುಣುಪು ಮಾಡಿದ್ದು. ಮೋರಿಯಲ್ಲಿ ಕಾಣದ ಹಳ್ಳ ಇಲ್ಲಿ ಗೋಡೆಯಲ್ಲಿತ್ತು. ಹಿಂದುಗಡೆಯಿಂದ ಕಾರುಗಳ ಸದ್ದು ಮಾತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ.

ಆ ಸದ್ದು ಪೂರ್ತಿ ನಿಂತ ದಿನವೂ ಉಂಟು. 2003ರಲ್ಲಿ ಒಮ್ಮೆ, 2023ರ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ, ಒಂದು ಬೆಳಗಿನ ಮಟ್ಟಿಗೆ ಕಾರು ನಿಲ್ಲಿಸಿ ರಸ್ತೆಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟಿದ್ದರು. ಎರಡನೇ ಸಲ ಅಣ್ಣನ ಮಗಳೂ ಸೈಕಲ್ ತಗೊಂಡು ಹೋಗಿದ್ದಳಂತೆ. 'ದಿನಾ ಓಡಾಡೋ ರಸ್ತೆ ಇಷ್ಟು ಏರು ಇದೆ ಅಂತ ಅವತ್ತೇ ಗೊತ್ತಾಗಿದ್ದು' ಅಂದಳು. ಡಾಬಿನ್ಸ್ ಇದ್ದಿದ್ದರೆ 10 ಸೆಂಟ್ ಕೇಳುತ್ತಿದ್ದ.

ಮತ್ತೆ ಕಾರು ಹತ್ತಿದೆವು. ಬಂತು ನೋಡಿ, ಸ್ಟಾಪ್ ಬೋರ್ಡು. ಕೆಂಪು, ಎಂಟು ಮೂಲೆ, ಎರಡು ಮನೆಗಳ ನಡುವಿನ ಗಲ್ಲಿಯಲ್ಲಿ ಇರುವಂಥದ್ದೇ. ಅದರ ಮುಂದೆ ರ‍್ಯಾಂಪ್ ಇಲ್ಲ, ಸೇರಿಕೊಳ್ಳಲು ಪಟ್ಟಿ ಇಲ್ಲ, ನೇರ ಹೆದ್ದಾರಿ. ಕಾರುಗಳು ಸುಯ್ ಸುಯ್ ಅಂತ ಮೂತಿ ಸವರಿಕೊಂಡು ಹೋಗುತ್ತಿದ್ದವು. ನಮ್ಮ ಹಿಂದೆ ಮೂರು ಗಾಡಿ ಬಂದು ನಿಂತವು. ಯಾರೂ ಹಾರ್ನ್ ಹೊಡೆಯಲಿಲ್ಲ. ಅವರಿಗೂ ಸರದಿ ಬರುವುದಿತ್ತಲ್ಲ. ಅವಳು ಕತ್ತು ತಿರುಗಿಸಿ ತಿರುವಿನ ಕಡೆಯೇ ನೋಡುತ್ತಿದ್ದಳು. ಒಂದು ಬಿಳಿ ವ್ಯಾನು ಹೋಯಿತು. ಒಂದು ಬೈಕು ಹೋಯಿತು.

'ಚಿಕ್ಕಪ್ಪ, ಗಟ್ಟಿಯಾಗಿ ಹಿಡ್ಕೊಳ್ಳಿ' ಅಂದಳು.