ಅವ್ವನ ಬಳಗ

ನಮ್ಮವ್ವ ಲಿಂಗೈಕ್ಯಳಾಗಿ ಮೊನ್ನೆಗೆ ವರ್ಷ ತುಂಬ್ತು. ಅವಳ ಬಗ್ಗೆ ಬರೀಬೇಕು ಅಂತ ಅವತ್ತಿನಿಂದ ಅಂದ್ಕೊಳ್ತಾನೇ ಇದ್ದೆ, ಆದ್ರೆ ಬರೀಲಿಕ್ಕೆ ಕೂತ್ರೆ ಬರೀ ನಮ್ಮನೆ ಸುದ್ದಿನೇ ಬರ್ತಿತ್ತು, ನಮ್ಮನ್ನ ಓದಿಸಿದ್ಲು, ಅಜ್ಜಿ ಹಾಸಿಗೆ ಹಿಡಿದಾಗ ನೋಡ್ಕೊಂಡ್ಲು, ಬಂದೋರಿಗೆಲ್ಲ ರೊಟ್ಟಿ ಬಡಿದು ಹಾಕಿದ್ಲು ಅಂತ. ಅದೆಲ್ಲ ಖರೇನೇ. ಆದ್ರೆ ಅವ್ವ ಅಂದ್ರೆ ಅಷ್ಟೇ ಅಲ್ಲ ಅನ್ನೋದು ನನಗೆ ಸರಿಯಾಗಿ ಗೊತ್ತಾಗಿದ್ದು ಅವಳನ್ನ ಕೂಡ್ರಿಸಿದ್ದ ಆ ರಾತ್ರಿ, ಅವಳ ಗೆಳತ್ಯಾರು ಬಂದು ಸುತ್ತ ಕೂತಾಗ. ಹಾಗಾಗಿ ಆ ರಾತ್ರಿ ಬಗ್ಗೆನೇ ಬರೀತೀನಿ.

ಗೊತ್ತಿಲ್ಲದೋರಿಗೆ ಹೇಳ್ತೀನಿ, ನಮ್ಮ ಲಿಂಗಾಯತರಲ್ಲಿ ಹೋದವರನ್ನ ಸುಡೋದಿಲ್ಲ, ಮಲಗಿಸೋದೂ ಇಲ್ಲ. ಪೂಜೆಗೆ ಕೂತ ಹಾಗೆ ಕೂಡ್ರಿಸಿ, ಹಣೆಗೆ ತೋಳಿಗೆ ವಿಭೂತಿ ಹಚ್ಚಿ, ಹೂ ಹಾಕಿ, ಮರುದಿನ ಮಣ್ಣು ಕೊಡೋವರೆಗೂ ಮುಂದೆ ಭಜನೆ ನಡೀತಾನೇ ಇರಬೇಕು. ಅವ್ವ ಸಂಜೆ ಹೋದ್ಲು. ನಾನು ಬೆಂಗಳೂರಿನಿಂದ ಗದಗಿಗೆ ಬಂದು ಮುಟ್ಟೋ ಹೊತ್ತಿಗೆ ನಡುರಾತ್ರಿ ದಾಟಿತ್ತು, ಓಣಿ ತುಂಬ ಚಪ್ಪಲಿ, ಒಳಗೆ ತಾಳದ ಸಪ್ಪಳ. ಭಜನಿ ಮಂಡಳಿ ಗಂಡಸರು ಚಹಾ ಕುಡೀಲಿಕ್ಕೆ ಅಂತ ಎದ್ದಿದ್ರು, ಆ ಜಾಗದಲ್ಲಿ ಅವ್ವ ಇದ್ದ "ಅಕ್ಕನ ಬಳಗ" ಅನ್ನೋ ಹೆಂಗಸರ ಸಂಘದವರು ಕೂತು ವಚನ ಹಾಡ್ತಿದ್ರು, ಆಮೇಲೆ ಗಂಡಸರು ವಾಪಸ್ ಬಂದ್ರೂ ಇವರು ಜಾಗ ಬಿಡಲಿಲ್ಲ. "ಇದು ನಮ್ಮ ಪಾಳಿ" ಅಂದ್ರು ಅಕ್ಕೋರು. ಯಾರೂ ಎದುರಾಡಲಿಲ್ಲ.

ಅಕ್ಕೋರು ಅಂದ್ರೆ ಪ್ರೈಮರಿ ಸ್ಕೂಲಿನಲ್ಲಿ ಕಲಿಸಿ ರಿಟೈರ್ ಆದವರು, ನಮ್ಮ ಓಣಿ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು. ಅವರ ಬಾಜೂಕ ಬೆಟಗೇರಿ ಚಿಗವ್ವ, ನಮಗೆ ರಕ್ತಸಂಬಂಧ ಏನಿಲ್ಲ, ನೇಕಾರರ ಮನೆಯವಳು, ಆದ್ರೆ ಸಣ್ಣವರಿದ್ದಾಗಿನಿಂದ ಚಿಗವ್ವ ಅಂತಾನೇ ಕರೆದು ರೂಢಿ. ಗೋಡೆಗೆ ಆತು ಕೂತಿದ್ದು ಪಕ್ಕದ ಮನೆ ಖಾಲಾ. ಈ ಮೂವರೂ ನಮ್ಮವ್ವನೂ ಸೇರಿದ್ದು ಹೆಂಗೆ ಅಂದ್ರೆ ನೀರಿನಿಂದ. ಗದಗ ಬೆಟಗೇರಿ ನೀರಿನ ಕಥೆ ಆ ಕಡೆಯವರಿಗೆ ಹೇಳೋದೇ ಬೇಡ, ತುಂಗಭದ್ರೆಯಿಂದ ಬರೋ ನೀರು, ನಳ ಬಿಡೋದು ಹತ್ತು ದಿನಕ್ಕೋ ಹದಿನೈದು ದಿನಕ್ಕೋ, ಅದೂ ಯಾವ ಹೊತ್ತಿಗೆ ಅಂತ ದೇವರಿಗೇ ಗೊತ್ತು. ರಾತ್ರಿ ಎರಡಕ್ಕೆ ಯಾರೋ "ನೀರು ಬಂದಾವ್ರೀ" ಅಂತ ಕೂಗಿದ್ರೆ ಇಡೀ ಓಣಿ ಎದ್ದು ಕೊಡ ತಗೊಂಡು ಓಡಬೇಕು. ನಮ್ಮವ್ವ ಮುಂಡರಗಿ ಕಡೆ ಹಳ್ಳಿಯಿಂದ ಲಗ್ನ ಆಗಿ ಬಂದ ಹೊಸತರಲ್ಲಿ ಊರಲ್ಲಿ ಒಬ್ಬರ ಪರಿಚಯ ಇರಲಿಲ್ಲ, ಅತ್ತೆ ಮುಂದೆ ಬಾಯಿ ಬಿಡೋ ಹಾಗಿರಲಿಲ್ಲ, ಅವಳಿಗೆ ಮಾತಾಡೋ ಜಾಗ ಅಂತ ಸಿಕ್ಕಿದ್ದೇ ಆ ನಳದ ಕಟ್ಟೆ. ಬೆಟಗೇರಿ ಚಿಗವ್ವನ ಮನೆ ಆಗ ನಮ್ಮ ಓಣಿಯಲ್ಲೇ ಬಾಡಿಗೆಗೆ ಇತ್ತು. ಖಾಲಾ ಮನೆಯವರು ಊರಿಗೆ ಹೋದ್ರೆ ಅವರ ಡ್ರಮ್ಮು ಅವ್ವ ತುಂಬಿಸ್ತಿದ್ಲು, ನಾವು ಊರಿಗೆ ಹೋದ್ರೆ ನಮ್ಮ ಡ್ರಮ್ಮು ಖಾಲಾ ತುಂಬಿಸೋರು, ಒಬ್ಬರಿಗೊಬ್ಬರು ಹೇಳೋದೂ ಕೇಳೋದೂ ಇರಲಿಲ್ಲ. ನಸುಕಿನಲ್ಲಿ ನೀರು ಬಂದಾಗ ಅವರ ಮನೆ ಪಡಸಾಲೆ ತುಂಬ ಕೊಡ ಇರ್ತಿದ್ವು ಅಂತ ಖಾಲಾ ನಮ್ಮ ಒಳಮನೆಯಲ್ಲೇ ನಮಾಜು ಮುಗಿಸ್ತಿದ್ರು, ಅದೇ ಹೊತ್ತಿಗೆ ಈ ಕಡೆ ಅವ್ವ ಲಿಂಗಪೂಜೆಗೆ ಕೂತಿರೋಳು. ನಾನು ಆ ಎರಡರ ನಡುವೆ ಚಾಪೆ ಮೇಲೆ ಮಲಗಿರ್ತಿದ್ದೆ. ಎಲ್ಲರ ಮನೆಯಲ್ಲೂ ಹಿಂಗೇ ಇರ್ತದೆ ಅಂದ್ಕೊಂಡೇ ಬೆಳೆದೆ.

ಅವ್ವನ ಪೂಜೆ ಬಗ್ಗೆ ಹೇಳಲೇಬೇಕು. ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕ್ತಿರಲಿಲ್ಲ, ಎಷ್ಟೇ ಜ್ವರ ಇರಲಿ. ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಅಂಗೈಯಲ್ಲಿ ಇಟ್ಕೊಂಡು, ವಿಭೂತಿ ಹಚ್ಚಿ, ಒಂದು ಪತ್ರಿ ಏರಿಸಿ, ಅದನ್ನೇ ನೋಡ್ತಾ ಕೂರೋಳು. ದೊಡ್ಡ ಮಂತ್ರ ಏನಿಲ್ಲ. ಕನ್ನಡ ನಾಲ್ಕನೇತ್ತಕ್ಕೆ ಸಾಲಿ ಬಿಡಿಸಿದ್ರಂತೆ ಅವಳನ್ನ, ಓದೋದು ಮರೆತೇಹೋಗಿತ್ತು, ಅಕ್ಕೋರೇ ಮಧ್ಯಾಹ್ನದ ಹೊತ್ತು ವಚನದ ಪುಸ್ತಕ ಹಿಡಿಸಿ ಮತ್ತೆ ಓದಲಿಕ್ಕೆ ಕಲಿಸಿದ್ದು. ಆಮೇಲೆ ತೋಂಟದಾರ್ಯ ಮಠದ ಸೋಮವಾರದ ಶಿವಾನುಭವ, ಅಂದ್ರೆ ವಾರದ ಪ್ರವಚನ, ಶುರುವಾಯ್ತು ಅವಳಿಗೆ. ಸೋಮವಾರ ಸಂಜೆ ಅಂದ್ರೆ ನಮ್ಮನೆಯಲ್ಲಿ ಯಾರೂ ಅವ್ವನಿಗೆ ಕೆಲಸ ಹೇಳೋ ಹಾಗಿಲ್ಲ, ಅಜ್ಜಿ ಕೂಡ ಕೊನೆಗೆ ಸೋತು ಸುಮ್ಮನಾಗಿದ್ಲು. ಮಠದ ಲಿಂಗಾಯತ ಅಧ್ಯಯನ ಸಂಸ್ಥೆಯ ಪುಸ್ತಕಗಳು ಒಂದೊಂದಾಗಿ ಅವಳ ಟ್ರಂಕಿಗೆ ಬಂದು ಸೇರಿದ್ವು, ಸೀರೆ ಕೆಳಗೆ ಇಟ್ಟು ಕಾಪಾಡಿದ್ಲು.

ಆ ಮಠದ ಸಿದ್ಧಲಿಂಗ ಸ್ವಾಮಿಗಳನ್ನ ಜನ ಕನ್ನಡದ ಜಗದ್ಗುರು ಅಂತ ಕರೀತಿದ್ರು. ಅವ್ವನಿಗೆ ಅವರ ಮೇಲೆ ಎಷ್ಟು ಭಕ್ತಿ ಅಂದ್ರೆ, 2011ರಲ್ಲಿ ಹಳ್ಳಿಗುಡಿ ಹತ್ತಿರ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರ ಜಮೀನು ತಗೊಳ್ಳೋ ಮಾತು ಬಂದು ಸ್ವಾಮಿಗಳು ವಿರೋಧಕ್ಕೆ ಮುಂದೆ ನಿಂತಾಗ, ಮದುವೆ ಮನೆಯಲ್ಲೂ ಹಿಂದಿನ ಸಾಲಿನಲ್ಲಿ ಕೂರೋ ನಮ್ಮವ್ವ ಬಳಗದ ಹೆಂಗಸರ ಜೊತೆ ಹೋಗಿ ಬಿಸಿಲಿನಲ್ಲಿ ಧರಣಿ ಕೂತ್ಲು. ಅಪ್ಪ ಬ್ಯಾಡ ಅಂದ್ರೆ "ಮಣ್ಣು ಉಳಿಸೂದು ಪೂಜಾನ ಅಲ್ಲೇನ್ರಿ" ಅಂತ ಕೇಳಿದ್ಲಂತೆ. ಆ ವರ್ಷವೇ ಸರ್ಕಾರ ಆ ಯೋಜನೆ ಕೈಬಿಡ್ತು. 2018ರ ಅಕ್ಟೋಬರ್ 20ಕ್ಕೆ ಸ್ವಾಮಿಗಳು ಲಿಂಗೈಕ್ಯರಾದಾಗ ಅವ್ವ ಫೋನಿನಲ್ಲಿ ಅತ್ತಿದ್ದು ನಾನು ಮೊದಲು ಕೇಳಿದ್ದು ಅವತ್ತೇ, ಅಪ್ಪ ಹೋದಾಗಲೂ ನಮ್ಮ ಮುಂದೆ ಅತ್ತಿರಲಿಲ್ಲ ಅವಳು.

ಆ ರಾತ್ರಿಗೆ ಬರ್ತೀನಿ. ನಸುಕಿನ ಮೂರು ಮೂರೂವರೆ ಇರಬೇಕು, ಹಾಡೋದು ನಿಂತು ಸ್ವಲ್ಪ ಹೊತ್ತು ಎಲ್ಲರೂ ಮಾತಿಗಿಳಿದ್ರು. ನಾನು ಚಿಗವ್ವನ ತೊಡೆ ಹತ್ತಿರ ಕೂತಿದ್ದೆ. ಅವ್ವನ ಕೈ ಕಡೆ ನೋಡ್ತಾ ಚಿಗವ್ವ ಅಂದ್ಲು, "ಎಷ್ಟು ಗೊಂಡೆ ಕಟ್ಯಾವ ಈ ಕೈ, ನಿಮ್ಮಪ್ಪ ಮನ್ಯಾಗ ಕುಂತ ವರ್ಷ." ನನಗೆ ಅರ್ಥ ಆಗಲಿಲ್ಲ. ಅವ್ವ ಮಧ್ಯಾಹ್ನ ಕೂತು ಸೀರೆ ಸೆರಗಿಗೆ ಗೊಂಡೆ ಕಟ್ತಿದ್ದಿದ್ದು ನನಗೆ ಚೆನ್ನಾಗಿ ನೆನಪಿದೆ, ನಾನು ಸಾಲಿಯಿಂದ ಬಂದಾಗ ಕಾಲ್ಬೆರಳಿಗೆ ಎಳೆ ಸುತ್ಕೊಂಡು ಕೂತಿರೋಳು, ಬಣ್ಣಬಣ್ಣದ ಎಳೆ ಅಂತ ನಾನೂ ಪಕ್ಕ ಕೂತು ಆಡ್ತಿದ್ದೆ. ಹೊತ್ತು ಹೋಗಲಿಕ್ಕೆ ಮಾಡ್ತಾಳೆ ಅಂತಾನೇ ನಾವೆಲ್ಲ ತಿಳಿದಿದ್ವಿ. ಚಿಗವ್ವ ಆಮೇಲೆ ಬಿಡಿಸಿ ಹೇಳಿದ್ಲು.

ಅಪ್ಪ ಲೆಕ್ಕ ಬರೀತಿದ್ದ ಅಡತಿ ಅಂಗಡಿ ಮುಚ್ಚಿದ ವರ್ಷ ಅದು. ನಮಗೆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ, ಅಪ್ಪ ದಿನಾ ಬೆಳಿಗ್ಗೆ ಅಂಗಿ ಹಾಕ್ಕೊಂಡು ಹೊರಗೆ ಹೋಗಿ ಬರ್ತಿದ್ರು. ವಿಷಯ ಗೊತ್ತಾಗಿ ಬಳಗದವರು ರೊಕ್ಕ ಕೂಡಿಸಿ ತಂದುಕೊಡಲಿಕ್ಕೆ ಹೋದ್ರೆ ಅವ್ವ ತಗೊಳ್ಳಲಿಲ್ಲ. "ರೊಕ್ಕ ಬ್ಯಾಡ್ರಿ, ಕೆಲಸ ಕೊಡಸ್ರಿ" ಅಂದ್ಲಂತೆ. ಆಗ ಚಿಗವ್ವ ಬೆಟಗೇರಿ ಮಗ್ಗದ ಮನೆಗಳಿಂದ ಸೀರೆ ತಂದು ಕೊಡೋದು, ಅವ್ವ ಗೊಂಡೆ ಕಟ್ಟೋದು, ಖಾಲಾನ ಮಗ ಸೈಕಲ್ ಮೇಲೆ ವಾಪಸ್ ಮುಟ್ಟಿಸೋದು, ಅಕ್ಕೋರು ಲೆಕ್ಕ ಇಡೋದು. ಅಪ್ಪನಿಗೆ ಬೇರೆ ಕೆಲಸ ಸಿಗೋ ತನಕ ನಮ್ಮ ಮನೆ ನಡೆದಿದ್ದೇ ಆ ಗೊಂಡೆ ಮೇಲೆ. ಕೆಲಸ ಸಿಕ್ಕ ಮೇಲೂ ಅವ್ವ ಬಿಡಲಿಲ್ಲ, ಆ ದುಡ್ಡು ಬಳಗದ ಡಬ್ಬಿಗೆ ಹೋಯ್ತು.

ಅವ್ವ ನಮಗೆ ಸಣ್ಣವರಿದ್ದಾಗ ಆಯ್ದಕ್ಕಿ ಲಕ್ಕಮ್ಮನ ಕಥೆ ಎಷ್ಟು ಸಲ ಹೇಳಿದ್ದಳೋ. ಕಲ್ಯಾಣದಲ್ಲಿ ಲಕ್ಕಮ್ಮನ ಗಂಡ ಮಾರಯ್ಯ ದಿನಾ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ಕೊಂಡು ಬರ್ತಿದ್ದ, ಒಂದಿನ ಜಾಸ್ತಿ ತಂದ, ಲಕ್ಕಮ್ಮ ಅದನ್ನ ನೋಡಿ ನಮಗ್ಯಾಕೆ ಇಷ್ಟು ಆಸೆ, ಹೋಗಿ ಅಲ್ಲೇ ಸುರಿದು ಬಾ ಅಂದ್ಲು. ನಾನು ಅದನ್ನ ಮಕ್ಕಳಿಗೆ ಹೇಳೋ ಕಥೆ ಅಂತ ಕೇಳಿದ್ದೆ. ಅವ್ವ ಅದನ್ನ ನಮ್ಮನೆ ಜಮಾ ಖರ್ಚಿಗೇ ಹಚ್ಚಿ ನಡೆಸಿದ್ಲು ಅಂತ ಚಿಗವ್ವನ ಬಾಯಿಂದ ತಿಳೀತು. ಕಾಯಕ, ದಾಸೋಹ ಅಂತ ವೇದಿಕೆ ಮೇಲೆ ಎಷ್ಟು ಭಾಷಣ ಕೇಳಿದ್ದೀನಿ ನಾನು, ಒಂದೂ ಹಿಂಗೆ ತಟ್ಟಿರಲಿಲ್ಲ.

ಡಬ್ಬಿ ಅಂದ್ನಲ್ಲ, ಅದು ಹಳೇ ಡಾಲ್ಡಾ ಡಬ್ಬಿ, ಅಕ್ಕೋರ ಮನೆಯಲ್ಲಿ ಇರ್ತದೆ. ಸೋಮವಾರ ಮಠಕ್ಕೆ ಹೋಗೋ ಮುಂದೆ ಎಲ್ಲರೂ ಕೈಲಾದಷ್ಟು ಹಾಕ್ತಾರೆ, ಇಷ್ಟೇ ಅಂತ ಇಲ್ಲ. ಜೊತೆಗೊಂದು ನೋಟ್‌ಬುಕ್ಕು. ಮಣ್ಣಾದ ಮೇಲೆ ಶಿವಗಣಾರಾಧನೆ ದಿನ ಅಕ್ಕೋರು ಅದನ್ನ ನನ್ನ ಕೈಯಲ್ಲಿ ಕೊಟ್ರು. ಅದರಲ್ಲಿ ಯಾರ ಹೆಸರೂ ಇಲ್ಲ, ಕೊಟ್ಟವರದ್ದೂ ಇಲ್ಲ, ತಗೊಂಡವರದ್ದೂ ಇಲ್ಲ. "ಕಣ್ಣಿನ ಆಪರೇಷನ್", "ಹೊಲಿಗಿ ಮಷೀನ್ ರಿಪೇರಿ", "ಹುಡುಗನ ಪರೀಕ್ಷಾ ಫೀ", "ಬಾಣಂತನ" ಅಂತ ಅಷ್ಟೇ, ಮುಂದೆ ತಾರೀಕು, ರೊಕ್ಕ. ಒಂದು ಕಡೆ "ರಂಜಾನ್ ಬಟ್ಟೆ" ಅಂತಿತ್ತು. ಓಣಿ ಜನ ಅದೇ ಓಣಿಯಲ್ಲಿ ತಲೆ ಎತ್ತಿ ಓಡಾಡಬೇಕಲ್ಲ, ಅದಕ್ಕೆ ಹೆಸರು ಬರೀಬಾರದು ಅಂತ ಮೊದಲು ಹೇಳಿದ್ದು ನಿಮ್ಮವ್ವನೇ ಅಂದ್ರು ಅಕ್ಕೋರು.

ಬೆಳಿಗ್ಗೆ ಅಯ್ಯನೋರು ಬಂದ್ರು. ಅವ್ವನ್ನ ಕೂಡ್ರಿಸಿ ಒಯ್ಯೋ ವಿಮಾನ ಕಟ್ಟಿದ್ದಾಗಿತ್ತು. ಹೊರಡೋ ಮುಂಚೆ ಕರಡಿಗೆಯಿಂದ ಲಿಂಗ ತೆಗೆದು ಅವ್ವನ ಅಂಗೈಯಲ್ಲಿ ಇಡಬೇಕು, ಲಿಂಗ ಅವಳ ಜೊತೆನೇ ಹೋಗ್ತದೆ. ಆದ್ರೆ ಕರಡಿಗೆಗೆ ಕಟ್ಟಿ ಕೊರಳಿಗೆ ಹಾಕ್ಕೊಳ್ಳೋ ಶಿವದಾರದ ಗಂಟು ಯಾರಿಗೂ ಬಿಚ್ಚಲಿಕ್ಕೆ ಬರಲೇ ಇಲ್ಲ, ಅಷ್ಟು ಸಣ್ಣದು, ಎಣ್ಣೆ ವಿಭೂತಿ ಕೂತು ಗಟ್ಟಿಯಾಗಿಬಿಟ್ಟಿತ್ತು. ಅಣ್ಣ ಎರಡು ಸಲ ನೋಡಿ ವೈನಿಗೆ ಕತ್ತರಿ ತಾ ಅಂದ. ಆಗ ಚಿಗವ್ವ ಎದ್ದು ಬಂದ್ಲು. "ತಡಿಯೋ ಯಪ್ಪಾ, ಕತ್ತರಿ ಹಚ್ಚಬ್ಯಾಡ, ಆ ಗಂಟು ನಾ ಹಾಕಿದ್ದು." ಅವ್ವನ ಮುಂದೆ ಮೊಣಕಾಲೂರಿ ಕೂತು, ಕನ್ನಡಕ ಹಣೆ ಮೇಲೆ ಏರಿಸಿ, ಉಗುರಿನ ತುದಿಯಿಂದ ಗಂಟನ್ನ ಮೆಲ್ಲಕೆ ಹಿಂದಕ್ಕೆ ದಬ್ಬಿದ್ಲು, ಜಗ್ಗಲಿಲ್ಲ, ದಬ್ಬಿದ್ಲು, ಒಂದು ಎಳೆ ಸಡಿಲಾಯ್ತು, ಇನ್ನೊಂದು, ಆಮೇಲೆ ಪೂರ್ತಿ ಬಿಚ್ಚಿಕೊಂಡು ಅವಳ ಬೆರಳಿಗೇ ಬಂತು. ಮಗ್ಗದಲ್ಲಿ ಕಡಿದ ಎಳೆಗೆ ಹಾಕೋ ಗಂಟಂತೆ ಅದು. ಪ್ರತಿ ಶ್ರಾವಣಕ್ಕೂ ತನ್ನ ಮನೆ ಮಗ್ಗದ ನೂಲನ್ನೇ ಹುರಿ ಮಾಡಿ ಅವ್ವನಿಗೆ ಹೊಸ ಶಿವದಾರ ತಂದು ಕಟ್ಟಿ ಹೋಗ್ತಿದ್ಲಂತೆ, ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವ್ವನ ಎದೆ ಮೇಲೆ ಅಷ್ಟು ವರ್ಷ ಇದ್ದಿದ್ದು ಚಿಗವ್ವನ ಮಗ್ಗದ ನೂಲು ಅಂತ ಗೊತ್ತಾದಾಗ ನನಗೆ ಆ ರಾತ್ರಿ ಎಲ್ಲ ಬರದ ಅಳು ಆಗ ಬಂತು.

ಖಾಲಾ ಆಗ ಅಲ್ಲಿರಲಿಲ್ಲ. ಓಣಿಗೆ ಅವತ್ತೇ ನೀರು ಬಂದಿತ್ತು, ಮಣ್ಣಿಗೆ ಬಂದ ಅಷ್ಟು ಜನಕ್ಕೆ, ವಾಪಸ್ ಬಂದು ಸ್ನಾನ ಮಾಡೋರಿಗೆ ನೀರು ಬೇಕಲ್ಲ ಅಂತ ತಮ್ಮ ಸೊಸೆಯನ್ನ ಕರ್ಕೊಂಡು ನಮ್ಮನೆ ಸಂಪು, ಡ್ರಮ್ಮು, ಹಂಡೆ ಎಲ್ಲ ತುಂಬಿಸ್ತಾ ಹಿತ್ತಲಲ್ಲಿದ್ರು. ನಾವು ಮನೆಯವರು ಒಬ್ಬರೂ ಆ ಬಗ್ಗೆ ಯೋಚನೆ ಮಾಡಿರಲಿಲ್ಲ.

ಈಗ ವರ್ಷದ ಸ್ಮರಣೆ ಅಂತ ನಾನೂ ಅಣ್ಣನೂ ಸೇರಿ ಕಲ್ಯಾಣ ಮಂಟಪ ಬುಕ್ ಮಾಡೋದು, ಕಾರ್ಡ್ ಹಾಕಿಸೋದು ಅಂತ ಮಾತಾಡ್ತಿದ್ವಿ. ಅಕ್ಕೋರ ಫೋನ್ ಬಂತು. "ಮಂಟಪಕ್ಕ ಎಷ್ಟು ಆಗ್ತತಿ?" ಅಂತ ಕೇಳಿದ್ರು. ಹೇಳಿದೆ. "ಹಿಂದಿನ ಓಣಿ ಹುಡುಗಿ ನರ್ಸಿಂಗ್‌ಗೆ ಸೇರ್‍ಯಾಳ, ನಿಮ್ಮವ್ವ ಆಕಿಗೆ ಮಾತು ಕೊಟ್ಟು ಹೋಗ್ಯಾಳ. ಡಬ್ಬ್ಯಾಗ ಅಷ್ಟಿಲ್ಲ. ಮನ್ಯಾಗ ಒಂದೀಟ ಹುಗ್ಗಿ ಮಾಡ್ರಿ, ನಾವು ಬಂದು ವಚನ ಹಾಡ್ತೀವಿ, ಮಂಟಪದ ರೊಕ್ಕ ಆ ಹುಡುಗಿ ಫೀಸಿಗೆ ಕಟ್ರಿ" ಅಂದ್ರು. ಅಣ್ಣ ಫೋನ್ ಸ್ಪೀಕರಿನಲ್ಲಿ ಕೇಳಿಸ್ಕೊಳ್ತಿದ್ದ, ಹೂಂ ಅಂತ ತಲೆ ಹಾಕಿದ.

ಮೊನ್ನೆ ಹಾಗೇ ಮಾಡಿದ್ವಿ. ವೈನಿ ಗೋಧಿ ಹುಗ್ಗಿ ಮಾಡಿದ್ಲು, ಬಳಗದವರು ಬಂದು ಸಂಜೆ ತನಕ ಹಾಡಿದ್ರು, ಖಾಲಾ ಮಂಡಿನೋವಿದ್ರೂ ಬಂದು ಕುರ್ಚಿ ಹಾಕಿಸ್ಕೊಂಡು ಕೂತ್ರು. ಬೆಂಗಳೂರಿಗೆ ವಾಪಸ್ ಬಂದು ಫೀ ಕಟ್ಟಿ ರಸೀದಿ ಫೋಟೋ ಅಕ್ಕೋರಿಗೆ ವಾಟ್ಸಾಪ್ ಮಾಡಿದೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು, "ಮುಟ್ಟೇತಿ ನೋಡವಾ, ಬುಕ್ಕಿನ್ಯಾಗ ಬರದೀನಿ, ಹೆಸರು ಹಾಕಿಲ್ಲ. ಮೂರು ವರ್ಷದ ಕೋರ್ಸ್ ಐತಿ, ಇನ್ನ ಎರಡು ಸಲ ಕಟ್ಟಬೇಕು, ಮರೀಬ್ಯಾಡ."