ಮಿಷಿನ್ ಹಸರು ತೋರಸ್ತು, ಗಾಡಿ ಎಡಕ್ಕ ಎಳೀತು

ನಮ್ಮ ಮನ್ಯಾಗ ಇನ್ನೂ ಒಂದು ಮಾರುತಿ 800 ಐತಿ, 1996ರದು. ನಂಬರ್ ಪ್ಲೇಟ್ ಮ್ಯಾಲ ಕೆಎ 28 ನೋಡಿ ಬಾಗಲಕೋಟೆ ನವನಗರದಾಗ ಹೊಸಬರು ಕೇಳ್ತಾರ, ಸರ ವಿಜಯಪುರದ ಗಾಡಿ ಏನ್ರಿ ಅಂತ. ಅಲ್ರೀ, ಇಲ್ಲೀದ ಐತಿ, ಆವಾಗ ಬಾಗಲಕೋಟೆ ಜಿಲ್ಲಾನ ಆಗಿರ್ಲಿಲ್ಲ, 1997ರಾಗ ಆತು, ಕೆಎ 29 ಆಮ್ಯಾಲ ಬಂತು. ನಮ್ಮಪ್ಪ ತಗೊಂಡಿದ್ದ ಗಾಡಿ, ಈಗ ನಾ ಓಡಸ್ತೀನಿ, ಮಾರಿಬಿಡ್ರಿ ಅಂದವ್ರಿಗೆ ನಮ್ಮವ್ವ ಚಾ ಸೈತ ಕೊಡೂದಿಲ್ಲ.

ಹ್ವಾದ ಕಬ್ಬಿನ ಸೀಜನ್ನಿನಾಗ ಶುರು ಆತು ನೋಡ್ರಿ ಈ ಗೋಳು. ಬ್ರೇಕ್ ಒತ್ತಿದ್ರ ಗಾಡಿ ಎಡಕ್ಕ ಹೊಂಟಬಿಡ್ತಿತ್ತು, ಕಾಲ ಬುಡಕ್ಕ 'ಕಟ್' ಅಂತ ಒಂದು ಸಪ್ಪಳ, ಮತ್ತ ಗೇರ್ ಹಾಕಿ ಎಬ್ಬಿಸಿದ್ರ ಹೊಳ್ಳಿ ಒಂದು 'ಕಟ್'. ಮೊದಲ ಬ್ರೇಕಿನ ಮ್ಯಾಲ ಸಂಶೆ ಬಂತು, ಬಿಚ್ಚಿಸಿ ನೋಡ್ಸಿದೆ, ಏನಿಲ್ಲ. ಆಮ್ಯಾಲ ಒಂದು ಅಲೈನ್‌ಮೆಂಟ್ ಅಂಗಡಿಗೆ ಹೋದೆ, ಗಾಲಿ ನೆಟ್ಟಗ ಅದಾವಿಲ್ಲೋ ಅಳದು ಹೊಂದಸ್ತಾರಲ್ಲ ಅಲ್ಲಿಗೆ, ದೊಡ್ಡ ಸ್ಕ್ರೀನು, ನಾಕೂ ಗಾಲಿಗೆ ಕ್ಲ್ಯಾಂಪು, ಹುಡುಗ ಪಾನಾ ತಿರುವಿದ, ಸ್ಕ್ರೀನ್ ಮ್ಯಾಲ ಎಲ್ಲಾ ಹಸರು, ಅಂದ್ರ ಎಲ್ಲಾ ಬರೋಬ್ಬರಿ, ರೊಕ್ಕ ಕೊಟ್ಟೆ, ಗೇಟ್ ದಾಟಿ ಬ್ರೇಕ್ ಒತ್ತಿದೆ, ಕಟ್. ಎರಡು ತಿಂಗಳದಾಗ ಮೂರು ಸಲ ಹೋಗೇನಿ ಅಲ್ಲಿಗೆ, ಮೂರೂ ಸಲ ಹಸರು. ಮೂರನೇ ಸಲ ಅಂವ "ಸರ, ಹಳೇ ಗಾಡಿ ಅಂದ್ರ ಹಿಂಗ ಇರ್ತೈತ್ರಿ" ಅಂದ. ಈ ಮಾತಿಗೆ ಭಾಳ ಸಿಟ್ಟು ಬರ್ತೈತಿ ನನಗ, ಹಳೇ ಗಾಡಿ ಅಂತ ಹೇಳಿಬಿಟ್ರ ನೋಡೂ ಕೆಲಸ ಮುಗೀತು ಇವ್ರದು. ಅಷ್ಟರಾಗ ಎಡಗಡೆ ಮುಂದಿನ ಟಾಯರ್ ಒಳಗಿನ ಅಂಚು ಸವದು ನುಣ್ಣಗಾಗಿತ್ತು.

ಹಳೇ ಊರಾಗ ಒಬ್ರು ಮಿಸ್ತ್ರಿ ಅದಾರ, ಅಂಬಾಸಿಡರ್ ಕಾಲದವ್ರು, ಆ ಗಾಡಿಗೋಳಿಗೆ ಗ್ರೀಸ್ ಗನ್ ಹಿಡ್ಕೊಂಡು ನಿಪ್ಪಲ್ ನಿಪ್ಪಲಿಗೂ ಗ್ರೀಸ್ ಹೊಡದು ಹೊಡದು ಬೆರಳು ಹಂಗ ಕರ್ರಗ ಉಳದಾವ. ಮಾಮಾರ, ಮೂರು ಸಲ ಅಲೈನ್‌ಮೆಂಟ್ ಮಾಡಿಸೀನ್ರಿ ಅಂದೆ. "ತಮ್ಮಾ, ಹಲ್ಲು ಅಳ್ಳಾಡಾಕತ್ತಿದ್ರ ಬ್ರಶ್ ಹಚ್ಚಿ ತಿಕ್ಕಿದ್ರ ನಿಂದರ್ತೈತೇನು?" ಅಂದ್ರು.

ಜಾಕ್ ಹಚ್ಚಿ ಗಾಲಿ ಎತ್ತಿ, ತಳಗ ಸ್ಟ್ಯಾಂಡ್ ಕೊಟ್ಟು, ಗಾಲಿನ ಎರಡೂ ಬಾಜು ಹಿಡದು ಅಳ್ಳಾಡ್ಸಿದ್ರು. ಹಂಗ ಅಳ್ಳಾಡಿದ್ರ ಸವದದ್ದು ಟೈ ರಾಡ್ ಎಂಡು, ಅಂದ್ರ ಸ್ಟೇರಿಂಗಿನಿಂದ ಗಾಲಿಗೆ ಬರೂ ರಾಡಿನ ತುದಿ, ಇಲ್ಲಾ ಆ ರಾಡು ದೂಡೂ ಸ್ಟೇರಿಂಗ್ ರ್‍ಯಾಕು. ಆಮ್ಯಾಲ ಮ್ಯಾಲ-ಕೆಳಗ ಹಿಡದು ಅಳ್ಳಾಡ್ಸಿದ್ರು, ಅದಾದ್ರ ಲೋವರ್ ಆರ್ಮಿನ (ಗಾಲಿ ಹಿಡಿಯೂ ತಳಗಿನ ತೋಳು) ತುದೀಗಿರೂ ಬಾಲ್ ಜಾಯಿಂಟು ಇಲ್ಲಾ ಗಾಲಿ ಬೇರಿಂಗು, ಎರಡರಾಗ ಯಾವುದು ಅಂತ ತಿಳೀಲಿಲ್ಲಂದ್ರ ಯಾರಿಗಾದ್ರೂ ಬ್ರೇಕ್ ಒತ್ತಾಕ ಹೇಳೂದು, ಒತ್ತಿದಾಗ ಅಳ್ಳಾಡೂದು ನಿಂತ್ರ ಬೇರಿಂಗು. ನಮ್ಮದರಾಗ ಎರಡೂ ಗಟ್ಟಿ. ನಾನು ಮತ್ತ ಹಸರ ಬಂತಲ್ಲಪಾ ಅಂದ್ಕೊಂಡೆ. ಆವಾಗ ಅವ್ರು ಒಂದು ಟಾಮಿ (ಉದ್ದನ ಕಬ್ಬಿಣದ ಸಳಿ) ತಗೊಂಡು ಲೋವರ್ ಆರ್ಮ್ ಸಂದ್ಯಾಗ ಇಟ್ಟು ಹಿಂದಕ್ಕ ಎಳದ್ರು, ಕೈ ಹಿಡದು "ಇಲ್ಲಿ ಬೆರಳಿಡು" ಅಂದ್ರು. ಇಟ್ಟೆ. ಸ್ಟೆಬಿಲೈಜರ್ ರಾಡಿನ ತುದಿಗೆ ಕಬ್ಬಿಣಕ್ಕ ಕಬ್ಬಿಣ ತಾಗದಂಗ ಇರೂ ರಬ್ಬರ್ ಬುಶ್ ಇತ್ತಲ್ಲ, ಒಣಗಿದ ರೊಟ್ಟಿ ಹಂಗ ತುಂಡು ತುಂಡಾಗಿತ್ತು, ಪ್ರತಿ ಎಳತಕ್ಕೂ ನನ್ನ ಬೆರಳಿನ ಬುಡಕ್ಕ ಕಬ್ಬಿಣಕ್ಕ ಕಬ್ಬಿಣ ಬಡೀತಿತ್ತು. ಅದ ಸಪ್ಪಳ, ಕಟ್.

ಇಲ್ಲೇ ಮಜಾ ಇರೂದು. ಭಾಳ ಗಾಡಿಯೊಳಗ ಈ ಸ್ಟೆಬಿಲೈಜರ್ ರಾಡು ಬರೇ ತಿರುವಿನಾಗ ಗಾಡಿ ವಾಲದಂಗ ತಡೀತೈತಿ, 800ರಾಗ ಹಂಗಲ್ಲ, ಗಾಲಿ ಹಿಂದ-ಮುಂದ ಸರೀಲಾರದಂಗ ಲೋವರ್ ಆರ್ಮ್ ಹಿಡಿಯೂದೂ ಅದ ರಾಡು. ಬುಶ್ ಹೋತಂದ್ರ ಬ್ರೇಕ್ ಒತ್ತಿದಾಗ ಆ ಗಾಲಿ ಹಿಂದಕ್ಕ ಸರೀತೈತಿ, ಒಂದು ಗಾಲಿ ಸರದು ಇನ್ನೊಂದು ಸರೀಲಿಲ್ಲಂದ್ರ ಗಾಡಿ ಎಳೀಲಾರದ ಏನ್ ಮಾಡ್ತೈತಿ? ಮಿಷಿನ್ನಿನ ಮ್ಯಾಲ ಗಾಡಿ ಸುಮ್ನ ನಿಂತಿರ್ತೈತಿ, ಯಾರೂ ಬ್ರೇಕ್ ಒತ್ತೂದಿಲ್ಲ, ತೆಗ್ಗಿಗೆ ಬೀಳೂದಿಲ್ಲ, ಅದಕ್ಕ ಎಲ್ಲಾ ಹಸರು. ಮಿಷಿನ್ ಸುಳ್ಳು ಹೇಳಿಲ್ಲ, ನಾವ ಕೇಳಬಾರದ್ದ ಕೇಳೀವಿ.

ಬುಶ್ ಸಿಗೂದು ತ್ರಾಸ ಇಲ್ಲ. 2014ರಾಗ ಕಂಪನಿ ಈ ಗಾಡಿ ಮಾಡೂದ ಬಿಟ್ರೂ ಸಾಮಾನು ಸಣ್ಣ ಅಂಗಡಿಯೊಳಗೂ ಸಿಗ್ತಾವ. ಎರಡೂ ಬಾಜುದು ಒಮ್ಮೆಲೆ ಹಾಕಿದೆ, ಜೊತಿಗೆ ಲೋವರ್ ಆರ್ಮಿನ ಒಳಗಿನ ಬುಶ್ಶೂ. ಒಂದ ಬಾಜು ಹೊಸದು ಇನ್ನೊಂದು ಬಾಜು ಹಳೇದು ಅಂದ್ರ ಹೊಳ್ಳಿ ಎಳಿಯೂದ ಇರ್ತೈತಿ, ಶಾಕಪ್ಪಿಗೂ ಇದ ಲೆಕ್ಕ, ಹಾಕಿದ್ರ ಜೋಡಿ ಹಾಕ್ರಿ.

ನನ್ನ ಶಾಣ್ಯಾತನಾನೂ ಹೇಳ್ಬೇಕಲ್ಲ. ಇದಕ್ಕೂ ನಾಕು ವರ್ಷ ಮೊದಲ ಯಾರಿಗೂ ಹೇಳಲಾರದ ಮನ್ಯಾಗ ನಾನ ಆರ್ಮ್ ಬುಶ್ ಹಾಕಿದ್ದೆ, ಗಾಲಿ ಗಾಳ್ಯಾಗ ಜೋತಬಿದ್ದಾಗ ಬೋಲ್ಟ್ ಫುಲ್ ಟೈಟ್ ಮಾಡಿಬಿಟ್ಟಿದ್ದೆ, ಗಾಡಿ ನೆಲಕ್ಕ ಇಳಿಸಿದ ಕೂಡ್ಲೆ ಆರ್ಮ್ ಮ್ಯಾಲ ಬಂತು, ಬೋಲ್ಟ್ ಹಿಡದಿದ್ದ ರಬ್ಬರು ತಿರುವಿಕೊಂಡ ಕುಂತಿತು, ದಿನಾ ಹಂಗ ತಿರುವಿಕೊಂಡ ಇದ್ದು ವರ್ಷ ತುಂಬೂದರಾಗ ಹರದೋತು. ಬೋಲ್ಟ್ ಸಡಿಲ ಇಟ್ಟು, ಗಾಡಿ ತನ್ನ ಕಾಲ ಮ್ಯಾಲ ತಾನು ನಿಂತಮ್ಯಾಲ ಬಿಗೀಬೇಕು ಅಂತ ಮಾಮಾ ಹೇಳಿದಾಗ ನಾ ಏನೂ ಗೊತ್ತಿಲ್ಲದಂಗ ತಲಿ ಅಳ್ಳಾಡ್ಸಿದೆ.

ನಮ್ಮ ಕಡೆ ಈ ರಬ್ಬರ್ ಸಾಮಾನು ಯಾಕ ಬಾಳೂದಿಲ್ಲ ಅಂದ್ರ ಎರಿ ಭೂಮಿ ಕಾರಣ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ, ಮ್ಯಾಲಿನ ಡಾಂಬರು ಅಲಿ ಅಲಿ ಆಗ್ತೈತಿ, ಲೋಕಾಪುರ-ಮುಧೋಳ ಕಡೆ ಹೋದ್ರ ಅದರ ಮ್ಯಾಲ ಎರಡೆರಡು ಟ್ರೇಲರ್ ಕಬ್ಬಿನ ಟ್ರ್ಯಾಕ್ಟರು. 800ಕ್ಕ 12 ಇಂಚಿನ ಗಾಲಿ, ಬ್ಯಾರೆ ಗಾಡಿ ದಾಟಿ ಹೋಗೂ ತೆಗ್ಗಿನಾಗ ಇದು ಇಳದು ಏಳ್ತೈತಿ. ಮತ್ತ ಎರಿ ಮಣ್ಣಿನ ರಾಡಿ ಒಣಗಿದ್ರ ಕಲ್ಲ, ಜಾಯಿಂಟಿನ ಮ್ಯಾಲಿನ ರಬ್ಬರ್ ಚೀಲ, ಅಂದ್ರ ಬೂಟ್, ಒಂದು ಸಣ್ಣ ಸೀಳು ಬಿಟ್ರ ಸಾಕು, ಒಳಗ ಹೋಗಿ ಗ್ರೀಸಿನ ಜೋಡಿ ಕೂಡಿ ಬಾಲ್ ಜಾಯಿಂಟ್ ಅರೀತೈತಿ. ಅದಕ್ಕ ಮಳಿ ಮುಗದ ಮ್ಯಾಲ ನಾನು ಗಾಡಿ ಮ್ಯಾಲ ತೊಳೀಲಿಲ್ಲಂದ್ರೂ ತಳಗ ಪೈಪ್ ಹಿಡದು ತೊಳಿಯೂದು ತಪ್ಪಸೂದಿಲ್ಲ.

ಟೈ ರಾಡ್ ಎಂಡ್ ಬದಲ ಮಾಡೂದಿದ್ರ ಒಂದ ಮಾತು, ಹಳೇದು ಎಷ್ಟು ಸುತ್ತು ತಿರುವಿದಾಗ ಬಿಚ್ಚಿ ಬಂತು ಅಂತ ಎಣಿಸಿ ಬರದ ಇಟ್ಕೊಳ್ರಿ, ಹೊಸದು ಅಷ್ಟ ಸುತ್ತು ಹಾಕ್ರಿ, ಅಲೈನ್‌ಮೆಂಟ್ ಅಂಗಡಿ ತನಕ ಸುರಳೀತ ಹೋಗಬಹುದು. ನಟ್ ಬಿಚ್ಚದಂಗ ಹಿಡಿಯೂ ಸ್ಪ್ಲಿಟ್ ಪಿನ್ನು ಹಳೇದ ಹೊಳ್ಳಿ ಹಾಕಬ್ಯಾಡ್ರಿ. ಸ್ಪ್ರಿಂಗ್ ಬಿಚ್ಚೂ ಕೆಲಸ ಮಾತ್ರ ಮನ್ಯಾಗ ಬ್ಯಾಡ, ಒತ್ತಿ ಹಿಡದ ಸ್ಪ್ರಿಂಗ್ ಜಾರಿದ್ರ ಕೈ ಹೋಗ್ತೈತಿ.

ಎಲ್ಲಾ ಆದಮ್ಯಾಲ, ಕಡೀಕ, ಅಲೈನ್‌ಮೆಂಟ್ ಮಾಡಿಸಿದೆ, ಬ್ಯಾರೆ ಅಂಗಡ್ಯಾಗ. ಮರದಿನ ಅಕ್ಕನ ಮನಿಗೆ ವಿಜಯಪುರಕ್ಕ ಹೊಂಟಾಗ ಕೊಲ್ಹಾರ ಬ್ರಿಜ್ಜಿನ ಮ್ಯಾಲ ಹಿಂದ-ಮುಂದ ಯಾರೂ ಇಲ್ಲದ್ದ ನೋಡಿ ಸ್ಟೇರಿಂಗ್ ಸಡಿಲ ಹಿಡದು ಬ್ರೇಕ್ ಒತ್ತಿದೆ, ಗಾಡಿ ನೆಟ್ಟಗ ನಿಧಾನ ಆತು. ಹಿಂದ ಕುಂತಿದ್ದ ನಮ್ಮವ್ವ ಯಾಕೋ ನಿಂದರ್ಸಿದಿ ಹೊಳಿ ನೋಡಾಕೇನು ಅಂದ್ಲು. ಹೂಂ ಅಂದೆ.

ಬಲಗಡೆ ರ್‍ಯಾಕಿನ ಬೂಟು ಒಂದ ಮಡಿಕಿಯೊಳಗ ಸೀಳು ಬಿಡಾಕತ್ತೈತಿ, ಬರೂ ರವಿವಾರ ಅದರ ಪಾಳಿ.