ಉರಕಾಮಿಯ ಎರಡು ಗಂಟೆಗಳು

ಅಕ್ಕ ತೀರಿಕೊಂಡ ದಿನ ಭಾವನ ಹೆಗಲ ಮೇಲೆ ಕೈಯಿಟ್ಟು ನಾನೊಂದು ಮಾತು ಹೇಳಿದ್ದೆ. "ದೇವರ ಚಿತ್ತ ಭಾವ, ಏನು ಮಾಡುವುದು." ಕಾರ್ಕಳದ ಕಡೆಯ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವರು ಸಾವಿನ ಮನೆಯಲ್ಲಿ ಈ ಮಾತನ್ನು ಹುಡುಕಬೇಕಾಗಿಲ್ಲ, ತಾನಾಗಿ ಬಾಯಿಗೆ ಬರುತ್ತದೆ. ಭಾವ ಬೈಯಲಿಲ್ಲ. "ನಿನ್ನ ವಿಮಾನ ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಆಮೇಲೆ ಎರಡು ವರ್ಷ ನಮ್ಮಿಬ್ಬರ ನಡುವೆ ಕ್ರಿಸ್ಮಸ್ ಶುಭಾಶಯದಾಚೆ ಮಾತಿರಲಿಲ್ಲ.

ನಾನಿರುವುದು ಜಪಾನಿನ ನಾಗಾಸಾಕಿಯಲ್ಲಿ, ಕೆಲಸ ಹಡಗು ಕಟ್ಟುವ ಕಾರ್ಖಾನೆಯಲ್ಲಿ. ಗುಡ್ಡ, ಮಳೆ, ಮೀನು ಮೂರೂ ಇರುವ ಊರಾದ್ದರಿಂದ ಕರಾವಳಿಯವನಿಗೆ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ. ಬಾಡಿಗೆ ಮನೆ ಉರಕಾಮಿಯಲ್ಲಿ ಸಿಕ್ಕಿತು. ದಿಬ್ಬದ ಮೇಲೆ ಕೆಂಪು ಇಟ್ಟಿಗೆಯ ಪ್ರಧಾನಾಲಯ, ಅಂದರೆ ಕ್ಯಾಥೋಲಿಕರ ಕೆಥೆಡ್ರಲ್. ಅದರ ಮುಂದೆ ಸುಟ್ಟು ಕಪ್ಪಾದ, ತಲೆ ಹಾರಿಹೋದ ಸಂತರ ಪ್ರತಿಮೆಗಳು. ಪಕ್ಕದ ಇಳಿಜಾರಿನಲ್ಲಿ, ತೊರೆಯ ಬಳಿ, ಹಳೆಯ ಗಂಟೆಗೋಪುರದ ಗುಮ್ಮಟ ಬಿದ್ದಲ್ಲಿಯೇ ಬಿದ್ದಿದೆ. 1945ರಿಂದ ಅದನ್ನು ಯಾರೂ ಎತ್ತಿಲ್ಲ.

ಇಲ್ಲಿನ ಕ್ರೈಸ್ತರ ಕಥೆ ಕೇಳಿದರೆ ನಮ್ಮೂರಿನ ಹಿರಿಯರೂ ಎದ್ದು ಕೂರುತ್ತಾರೆ. 1614ರಲ್ಲಿ ದೇಶವ್ಯಾಪಿ ನಿಷೇಧ ಬಂದ ಮೇಲೆ ಏಳು ತಲೆಮಾರು ಇವರು ಧರ್ಮಗುರುವಿನ ಮುಖ ಕಾಣದೆ ಗುಟ್ಟಾಗಿ ಜಪ ಮಾಡಿದರು, ಮಕ್ಕಳಿಗೆ ತಾವೇ ಜ್ಞಾನಸ್ನಾನ ಕೊಟ್ಟರು. 1865ರಲ್ಲಿ ಓಉರಾದಲ್ಲಿ ಹೊಸದಾಗಿ ಕಟ್ಟಿದ್ದ ಫ್ರೆಂಚ್ ಇಗರ್ಜಿಗೆ ಉರಕಾಮಿಯ ಕೆಲವರು ಬಂದು, "ನಮ್ಮ ಹೃದಯವೂ ನಿಮ್ಮದೂ ಒಂದೇ" ಎಂದು ಅಲ್ಲಿದ್ದ ಗುರುಗಳ ಕಿವಿಯಲ್ಲಿ ಪಿಸುಗುಟ್ಟಿದರು. ಗುಟ್ಟು ಹೊರಬಿದ್ದದ್ದೇ ತಡ, ಸುಮಾರು 3,400 ಜನರನ್ನು ದೇಶದ ಮೂಲೆ ಮೂಲೆಗೆ ಗಡೀಪಾರು ಮಾಡಲಾಯಿತು. 1873ರಲ್ಲಿ ನಿಷೇಧ ಸಡಿಲವಾಗುವಷ್ಟರಲ್ಲಿ ಅವರಲ್ಲಿ 600ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ವರ್ಷಗಳನ್ನು ಉರಕಾಮಿಯವರು ಕರೆಯುವುದು 'ತಬಿ' ಎಂದು. ಅಂದರೆ ಪಯಣ, ಅಷ್ಟೇ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಒಯ್ದಿಟ್ಟ ಶ್ರೀರಂಗಪಟ್ಟಣದ ಸೆರೆಯ ಕಥೆಯನ್ನು ಮನೆಯಲ್ಲಿ ಕೇಳುತ್ತಾ ಬೆಳೆದ ನನಗೆ ಆ ಸಣ್ಣ ಪದ ವಿಚಿತ್ರವೆನಿಸಿತು. ನಮ್ಮಲ್ಲಿ ಇಂದಿಗೂ ಎಷ್ಟು ಜನ ಎಂಬ ಲೆಕ್ಕದ ಜಗಳವೇ ಮುಗಿದಿಲ್ಲ.

ಹಿಂತಿರುಗಿದವರು, ಹಿಂದೆ ತಮ್ಮನ್ನು ಕರೆಸಿ ಪವಿತ್ರ ಚಿತ್ರವನ್ನು ತುಳಿಸುತ್ತಿದ್ದ ಊರ ಮುಖ್ಯಸ್ಥನ ಮನೆಯ ಜಾಗವನ್ನೇ ಕೊಂಡು ಅಲ್ಲಿ ಇಗರ್ಜಿ ಕಟ್ಟಿದರು. 1895ರಲ್ಲಿ ಶುರುವಾದ ಕೆಲಸ, ಪ್ರತಿಷ್ಠೆ 1914ರಲ್ಲಿ, ಗೋಪುರ 1925ರಲ್ಲಿ. ಇಪ್ಪತ್ತು ವರ್ಷ ಕಳೆಯಿತು, ಆಗಸ್ಟ್ 9, ಗುರುವಾರ, 11 ಗಂಟೆ 2 ನಿಮಿಷ. ಬಾಂಬು ಸಿಡಿದ ಜಾಗದಿಂದ ಇಗರ್ಜಿಗೆ ಸುಮಾರು 500 ಮೀಟರ್. ಮಾತೆಯ ಸ್ವರ್ಗಾರೋಹಣದ ಹಬ್ಬ ಹತ್ತಿರವಿದ್ದುದರಿಂದ ಒಳಗೆ ಪಾಪನಿವೇದನೆ ನಡೆಯುತ್ತಿತ್ತು. ಉರಕಾಮಿಯ ಸುಮಾರು 12,000 ಕ್ಯಾಥೋಲಿಕರಲ್ಲಿ 8,500 ಮಂದಿ ಸತ್ತರು.

ಊರಿನ ಇತರರಲ್ಲಿ ಕೆಲವರು ಇದನ್ನು ದೈವದ ಶಿಕ್ಷೆ ಎಂದರು. ನಮ್ಮ ದೇವರನ್ನು ಬಿಟ್ಟು ಪರದೇಶದ ದೇವರನ್ನು ಹಿಡಿದದ್ದಕ್ಕೆ ಅನುಭವಿಸಿದರು ಎಂದು. ಹೆಂಡತಿ ಮತ್ತು ಐದು ಮಕ್ಕಳನ್ನು ಕಳೆದುಕೊಂಡು ಯುದ್ಧದಿಂದ ಮರಳಿದ ಸೈನಿಕನೊಬ್ಬ ಈ ಮಾತನ್ನು ಹೊತ್ತುಕೊಂಡು ಬಂದದ್ದು ಡಾಕ್ಟರ್ ತಾಕಾಶಿ ನಾಗಾಯ್ ಅವರ ಬಳಿಗೆ. ನಾಗಾಯ್ ವಿಕಿರಣ ವೈದ್ಯರು. ಬಾಂಬು ಬೀಳುವ ಮೊದಲೇ ಅವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಹೆಂಡತಿ ಮಿದೋರಿಯ ಮೂಳೆಗಳನ್ನು ಮನೆಯ ಬೂದಿಯಲ್ಲಿ ಹೆಕ್ಕಿ ಬಕೆಟ್ಟಿಗೆ ತುಂಬಿದವರು ಅವರು. ಪಕ್ಕದಲ್ಲಿ ಕರಗಿದ ಜಪಸರವಿತ್ತು.

ನವೆಂಬರ್ 23ರಂದು ಪಾಳುಬಿದ್ದ ಇಗರ್ಜಿಯೆದುರು ಸತ್ತವರಿಗಾಗಿ ಬಲಿಪೂಜೆ ನಡೆದಾಗ ನಾಗಾಯ್ ಮಾತನಾಡಿದರು. ಬಾಂಬಿನ ಗುರಿ ಬೇರೆ ಊರಾಗಿತ್ತು, ಮೋಡ ಅಡ್ಡ ಬಂದು ಇಲ್ಲಿ ಬಿತ್ತು. ಯುದ್ಧ ಮುಗಿದದ್ದು ಸ್ವರ್ಗಾರೋಹಣದ ಹಬ್ಬದಂದೇ. ಹಾಗಾಗಿ ಉರಕಾಮಿಯನ್ನು ದೇವರು ಶಿಕ್ಷಿಸಲಿಲ್ಲ, ಯುದ್ಧದ ಪಾಪಕ್ಕೆ ಪರಿಹಾರವಾಗಿ ಕಳಂಕವಿಲ್ಲದ ಕುರಿಮರಿಯೆಂದು ಆರಿಸಿಕೊಂಡ. ಇದು 'ಹಾನ್ಸಾಯ್', ದಹನಬಲಿ.

ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಬಾಂಬು ಮಾಡಿದವರು, ಹಾಕಿದವರು, ಯುದ್ಧ ಹೂಡಿದವರು ಎಲ್ಲರೂ ಈ ಕಥೆಯಲ್ಲಿ ಸಲೀಸಾಗಿ ತಪ್ಪಿಸಿಕೊಳ್ಳುತ್ತಾರಲ್ಲ! ಜಪಾನಿನಲ್ಲೂ ಹಾಗೆ ಟೀಕಿಸಿದವರಿದ್ದಾರೆ. ಆದರೆ ಆ ಸೈನಿಕನಿಗೆ ನಾಗಾಯ್ ಭಾಷಣದ ಕರಡನ್ನು ಮೊದಲೇ ಓದಲು ಕೊಟ್ಟಿದ್ದರಂತೆ. ಹೆಂಡತಿ ಮಕ್ಕಳು ನರಕಕ್ಕೆ ಹೋಗಲಿಲ್ಲ ಎಂದು ಅವನು ಅತ್ತನಂತೆ. ಹಾಗೆ ಅಳುವವನ ಮುಂದೆ ನನ್ನ ಸಿಟ್ಟಿಗೆ ಏನು ಬೆಲೆ ಎಂದು ತಿಳಿಯಲಿಲ್ಲ.

ಕೆಳಗಿನ ಮನೆಯ ಅಜ್ಜಿಗೆ ಬಾಂಬು ಬಿದ್ದಾಗ ಏಳು ವರ್ಷ. ಗುಡ್ಡದಾಚೆಯ ನೆಂಟರ ಮನೆಯಲ್ಲಿದ್ದುದರಿಂದ ಉಳಿದರು, ತಾಯಿ ಉಳಿಯಲಿಲ್ಲ. ಚಳಿಗಾಲದ ಒಂದು ಸಂಜೆ ಒಣಗಿಸಿದ ಪರ್ಸಿಮನ್ ಹಣ್ಣು ತಟ್ಟೆಯಲ್ಲಿಟ್ಟುಕೊಂಡು ಈ ಭಾಷಣದ ಬಗ್ಗೆ ಕೇಳಿದೆ. "ಆ ಮಾತು ಕೇಳಿದ ಮೇಲೆ ಅಪ್ಪ ಮತ್ತೆ ಊಟ ಮಾಡತೊಡಗಿದರು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಚಿಕ್ಕಮ್ಮ ಮಾತ್ರ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಅವಳ ಮಗುವಿಗೆ ಎರಡು ವರ್ಷವಾಗಿತ್ತು. 'ಬಲಿ ಎನ್ನುತ್ತಾರೆ, ನಾನು ಕೊಡಲಿಲ್ಲ, ನನ್ನಿಂದ ಕಿತ್ತುಕೊಂಡರು' ಎನ್ನುತ್ತಿದ್ದಳು. ಪೂಜೆಗೆ ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ" ಎಂದರು.

1981ರ ಫೆಬ್ರವರಿಯಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಹಿರೋಶಿಮಾದಲ್ಲಿ ನಿಂತು ಜಪಾನೀ ಭಾಷೆಯಲ್ಲೇ "ಯುದ್ಧ ಮನುಷ್ಯನ ಕೆಲಸ" ಎಂದರು. ಮರುದಿನ ನಾಗಾಸಾಕಿಯ ಮೈದಾನದಲ್ಲಿ, ಬೀಳುವ ಹಿಮದ ನಡುವೆ ಪೂಜೆ ಅರ್ಪಿಸಿದರು. ಅಜ್ಜಿ ಚಿಕ್ಕಮ್ಮನನ್ನು ಕೈಹಿಡಿದು ಕರೆದೊಯ್ದಿದ್ದರು. "ದೇವರ ಮೇಲಿನ ದೂರನ್ನು ಅವಳು ಅವತ್ತು ಹಿಂದಕ್ಕೆ ತೆಗೆದುಕೊಂಡಳು" ಎಂದು ಅಜ್ಜಿ ನಕ್ಕರು. ನಿಜವಾಗಿ ಏನಾಯಿತು ಎಂದು ನಾನು ಕೆದಕಲಿಲ್ಲ.

ನಾಗಾಯ್ ಕೊನೆಯ ವರ್ಷಗಳಲ್ಲಿ ಮಲಗಿದ್ದ ಗುಡಿಸಲು ನನ್ನ ಮನೆಯಿಂದ ನಡೆದು ಹೋಗುವಷ್ಟೇ ದೂರ. ಎರಡು ಚಾಪೆಯಗಲದ ಕೋಣೆ, ಹೆಸರು 'ನ್ಯೊಕೊದೋ': ನಿನ್ನಂತೆಯೇ ನೆರೆಯವನನ್ನು ಪ್ರೀತಿಸು ಎಂಬುದರಿಂದ ತೆಗೆದದ್ದು. ಅಲ್ಲಿ ಮಲಗಿಕೊಂಡೇ ಬರೆದು, ಬಂದ ಹಣದಲ್ಲಿ ಬೂದಿಯಾಗಿದ್ದ ಉರಕಾಮಿಗೆ ಸಾವಿರ ಚೆರ್ರಿ ಸಸಿ ಕೊಡಿಸಿ, 1951ರ ಮೇ 1ರಂದು ತೀರಿಕೊಂಡರು. ಆ ಕಿಟಕಿಯಿಂದ ಒಳಗೆ ಇಣುಕುವಾಗೆಲ್ಲ ನನಗೆ ನೆನಪಾಗುವುದು ಬೇರೆಯೇ ಸಂಗತಿ. ಅವರು 'ಬಲಿ' ಎಂದಾಗ ಬಕೆಟ್ಟಿನಲ್ಲಿ ಹೆಂಡತಿಯ ಮೂಳೆಯಿತ್ತು. ನಾನು 'ದೇವರ ಚಿತ್ತ' ಎಂದಾಗ ಜೇಬಿನಲ್ಲಿ ಮರುದಿನದ ಟಿಕೆಟ್ ಇತ್ತು. ಅಕ್ಕನ ಹಾಸಿಗೆ ತೊಳೆದವರು, ರಾತ್ರಿಯ ನರಳಾಟ ಕೇಳಿದವರು ಭಾವ.

ಪ್ರಧಾನಾಲಯದ ಎರಡು ಗಂಟೆಗಳಲ್ಲಿ ಒಂದನ್ನು ಊರವರು ಅವಶೇಷದಡಿಯಿಂದ ತೆಗೆದು 1945ರ ಕ್ರಿಸ್ಮಸ್ ಹಿಂದಿನ ರಾತ್ರಿ ಬಾರಿಸಿದ್ದರು. ಇನ್ನೊಂದರ ಜಾಗ 80 ವರ್ಷ ಖಾಲಿಯಿತ್ತು. ಅಮೆರಿಕದ ಕ್ಯಾಥೋಲಿಕರು ಹಣ ಕೂಡಿಸಿ ಹೊಸ ಗಂಟೆ ಮಾಡಿಸಿಕೊಟ್ಟರು. 2025ರ ಆಗಸ್ಟ್ 9ರಂದು ಎರಡೂ ಒಟ್ಟಿಗೆ ಮೊಳಗುವುದಿತ್ತು. ಬೆಳಗ್ಗೆಯಿಂದ ಜೋರು ಮಳೆ. ಹನ್ನೊಂದಕ್ಕೆ ಸ್ವಲ್ಪ ಮುಂಚೆ ನಾನು ಭಾವನಿಗೆ ಕರೆ ಮಾಡಿದೆ, ಊರಲ್ಲಿ ಆಗ ಏಳೂವರೆ. ತಯಾರಿ ಮಾಡಿಕೊಂಡಿದ್ದ ಕ್ಷಮೆಯ ಮಾತು ಬರಲಿಲ್ಲ. ಅವರೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಶುರುವಾಯಿತು.

"ಏನದು ಶಬ್ದ?"

"ಇಗರ್ಜಿಯ ಗಂಟೆ ಭಾವ."

ಭಾವ ಇಗರ್ಜಿಯಲ್ಲಿ ನಮ್ಮ ವಾಡೆಯ, ಅಂದರೆ ವಾರ್ಡಿನ, ಮುಖಂಡರಾದ ಗುರ್ಕಾರರು, ಎಳವೆಯಲ್ಲಿ ಇಗರ್ಜಿಯ ಕೆಲಸ ನೋಡಿಕೊಳ್ಳುವ ಮಿರ್ನಾಲ್ ಆಗಿ ಗಂಟೆಯ ಹಗ್ಗ ಎಳೆದವರು. ಮುಗಿಯುವ ತನಕ ಫೋನ್ ಇಡಲಿಲ್ಲ.

"ಎರಡು ಇವೆ" ಎಂದರು. "ಒಂದು ಹಳೆಯದು."